ಸಂಚಾರವೂ ಕಾಯಕವೇ?

ವಾರ್ಷಿಕ ಸಮಾರಂಭದಲ್ಲಿ ಪಾರಿತೋಷಕ ಸ್ವೀಕರಿಸುವ ಮಕ್ಕಳನ್ನು "ಮುಂದೆ ಏನಾಗುವೆ?" ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದಲೂ ಉಂಟು. ವೈದ್ಯ, ಇಂಜಿನಿಯರ್, ಅಧಿಕಾರಿ ಎಂಬ ಉತ್ತರಗಳಿಗೆ ಸಭೆ ಕರತಾಡನ ಮಾಡುತ್ತದೆ. ಅನೇಕ ವರ್ಷಗಳ ಹಿಂದೆ ಬಾಲಕನೊಬ್ಬ "ಸೈಕಲಿನ ಮೇಲೆ ಲೋಕ ಸುತ್ತುವೆ" ಎಂದಾಗ ಸಭೆ ನಕ್ಕಿತು. ಭೂಗೋಳದ ಅಧ್ಯಾಪಕನಾದ ನಾನೂ ನಕ್ಕೆ. ಆ ಲೋಕದ ನಕ್ಷೆಯನ್ನು ವರ್ಷವಿಡೀ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ಅದನ್ನು ಕಣ್ಣಾರೆ ಕಾಣಬಯಸಿದವನನ್ನು ನೋಡಿ ನಕ್ಕವನೂ ನಾನೇ. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಜಂಗಮವೆಂದರೆ ಚಲಿಸುವುದು ಎಂದೇ ಅರ್ಥ. ನಮ್ಮ ಮಠಗಳ ಪರಂಪರೆಯಲ್ಲಿ ನೆಲೆನಿಂತವರಂತೆಯೇ ಊರೂರು ಸಂಚರಿಸುವ ಚರಮೂರ್ತಿಗಳೂ ಉಂಟು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದರೆಂದು ಸಂಪ್ರದಾಯ ಹೇಳುತ್ತದೆ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಏಕಾಂಗಿಯಾಗಿ ನಡೆದರು. ಇಂಥವರ ಭಾವಚಿತ್ರಗಳನ್ನು ಗೋಡೆಗೆ ತೂಗುಹಾಕಿರುವ ನಾವು ಮಕ್ಕಳಿಗೆ ಮಾತ್ರ ಕುಳಿತಲ್ಲೇ ಕುಳಿತಿರಲು ಕಲಿಸುತ್ತಿದ್ದೇವೆ.

ಶರಣರ ಸಂಚಾರ ಧರ್ಮಕ್ಕಾಗಿ, ಇಂದಿನ ಪ್ರವಾಸ ಸ್ವಂತ ಸುಖಕ್ಕಾಗಿ ಎಂಬ ಆಕ್ಷೇಪವನ್ನು ನಾನು ಬಲ್ಲೆ. ವಿಮಾನವೇರಿ ಹೋಗಿ, ಛಾಯಾಚಿತ್ರಗಳೊಡನೆ ಮರಳುವವರ ವಿಷಯದಲ್ಲಿ ಅದು ಬಹುಮಟ್ಟಿಗೆ ಸತ್ಯವೇ. ಆದರೆ ಐರ್ಲೆಂಡಿನ ಡೆರ್ವ್ಲಾ ಮರ್ಫಿಯವರ ಬದುಕು ಬೇರೆಯದೇ ಮಾತನ್ನು ಹೇಳುತ್ತದೆ. ಅವರು 1931ರಲ್ಲಿ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ ಗ್ರಂಥಪಾಲಕರೊಬ್ಬರ ಮಗಳಾಗಿ ಜನಿಸಿದರು. ಹತ್ತನೆಯ ಹುಟ್ಟುಹಬ್ಬಕ್ಕೆ ಅವರಿಗೆ ದೊರೆತ ಉಡುಗೊರೆಗಳಲ್ಲಿ ಒಂದು ಹಳೆಯ ಸೈಕಲ್, ಇನ್ನೊಂದು ಭೂಪಟಗಳ ಪುಸ್ತಕ. ಹೀಗೆಯೇ ತುಳಿಯುತ್ತ ಹೋದರೆ ಭಾರತವನ್ನು ತಲಪಬಹುದೆಂದು ಆ ಬಾಲಕಿ ಕೆಲವೇ ದಿನಗಳಲ್ಲಿ ನಿಶ್ಚಯಿಸಿದರು.

ಆದರೆ ಹೊರಟಿದ್ದು 1963ರ ಜನವರಿಯಲ್ಲಿ. ನಡುವಿನ ಎರಡು ದಶಕಗಳನ್ನು ನಮ್ಮ ಪಾಲಕರು ಗಮನಿಸಬೇಕು. ತಾಯಿ ಸಂಧಿವಾತದಿಂದ ಅಂಗಹೀನರಾಗಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಮಗಳು, ಬಿಡುವು ಸಿಕ್ಕಾಗಿನ ಕೆಲವು ಚಿಕ್ಕ ಪ್ರವಾಸಗಳನ್ನುಳಿದು, 1962ರಲ್ಲಿ ತಾಯಿ ತೀರಿಕೊಳ್ಳುವವರೆಗೂ ಆಕೆಯ ಶುಶ್ರೂಷೆಯಲ್ಲಿಯೇ ಯೌವನವನ್ನು ಕಳೆದರು. ಲೋಕ ಸುತ್ತುವವರು ಮನೆಯ ಹೊಣೆಯನ್ನು ತೊರೆದವರೆಂಬ ನಮ್ಮ ತೀರ್ಮಾನ ಇಲ್ಲಿ ನಿಲ್ಲದು.

ಫ್ರಾನ್ಸಿನ ಡಂಕರ್ಕಿನಿಂದ ಹೊರಟು, ಆ ವರ್ಷದ ಭೀಕರ ಹಿಮದಲ್ಲಿ ಯುಗೋಸ್ಲಾವಿಯ, ಟರ್ಕಿಗಳನ್ನು ದಾಟಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳ ಮೂಲಕ ಅದೇ ಬೇಸಗೆಯಲ್ಲಿ ಅವರು ದೆಹಲಿಯನ್ನು ಮುಟ್ಟಿದರು. ದಾರಿಯಲ್ಲಿ ತೋಳಗಳ ಮೇಲೆ ಗುಂಡು ಹಾರಿಸಬೇಕಾಯಿತು. ಅವರ ಪಕ್ಕೆಲುಬು ಮುರಿದದ್ದು ಮಾತ್ರ ಸೈಕಲಿನ ಮೇಲಲ್ಲ, ಆಫ್ಘಾನಿಸ್ತಾನದ ಬಸ್ಸಿನೊಳಗೆ, ಪ್ರಯಾಣಿಕರ ಜಗಳದಲ್ಲಿ ತಗುಲಿದ ಬಂದೂಕಿನ ಹಿಡಿಯಿಂದ! ಎಷ್ಟೋ ರಾತ್ರಿಗಳನ್ನು ಅವರು ಕಳೆದದ್ದು ಅಪರಿಚಿತರ ಮನೆಗಳಲ್ಲಿ, ಹಾದಿಬದಿಯ ಚಹದಂಗಡಿಗಳಲ್ಲಿ. ದಾಸೋಹವೆಂಬ ಪದವನ್ನರಿಯದ ಆ ಬಡಜನರು ಅದನ್ನು ಆಚರಿಸುತ್ತಿದ್ದರು. ಭಾರತಕ್ಕೆ ಬಂದ ಮೇಲೆ ಮರ್ಫಿ ಸುಮ್ಮನೆ ನೋಡಿ ಹಿಂದಿರುಗಲಿಲ್ಲ. ಧರ್ಮಶಾಲೆಯಲ್ಲಿ ಟಿಬೆಟಿನ ನಿರಾಶ್ರಿತ ಮಕ್ಕಳ ಸೇವೆಗೆ ನಿಂತರು.

ಅಲ್ಲಿಂದಾಚೆಗೆ ಸಂಚಾರ ಮತ್ತು ಬರವಣಿಗೆ ಎರಡೂ ಕೂಡಿ ಅವರ ಕಾಯಕವಾಯಿತು. 1965ರಲ್ಲಿ ಮೊದಲ ಪುಸ್ತಕ ಹೊರಬಂದಿತು. ಕೊನೆಗೆ ಅವುಗಳ ಸಂಖ್ಯೆ ಇಪ್ಪತ್ತನ್ನು ಮೀರಿತು. ಒಂದರ ಗಳಿಕೆ ಇನ್ನೊಂದರ ದಾರಿಖರ್ಚಿಗೆ. ಲಿಸ್ಮೋರಿನಲ್ಲಿ ಸರಳವಾಗಿ ಬದುಕಿದರು. ಕಾರು ನಡೆಸುವುದನ್ನು ಕಲಿಯಲೇ ಇಲ್ಲ. 1973ರ ಕೊನೆಯಲ್ಲಿ, ಐದು ವರ್ಷ ತುಂಬುವುದರಲ್ಲಿದ್ದ ಮಗಳೊಡನೆ ಅವರು ನಮ್ಮ ನಾಡಿಗೂ ಬಂದರು. ಕೊಡಗಿಗೆ ಮನಸೋತು ಅಲ್ಲಿ ಸುಮಾರು ಎರಡು ತಿಂಗಳು ನೆಲೆಸಿ, ಅದರ ಕುರಿತೇ ಒಂದು ಪುಸ್ತಕ ಬರೆದರು. ಮರುವರ್ಷದ ಚಳಿಗಾಲದಲ್ಲಿ ಆರು ವರ್ಷದ ಅದೇ ಮಗುವನ್ನು ಬಾಲ್ಟಿಸ್ತಾನದ ಹಿಮಕಣಿವೆಗಳಿಗೆ ಕರೆದೊಯ್ದದ್ದು ಸರಿಯೇ ಎಂಬ ವಿಷಯದಲ್ಲಿ ನನಗೆ ಈಗಲೂ ಸಮಾಧಾನವಿಲ್ಲ. 2022ರ ಮೇ ತಿಂಗಳಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಅವರು ತೀರಿಕೊಂಡರು.

ಎಲ್ಲ ಮಕ್ಕಳೂ ಹೀಗಾಗಲೆಂದು ನಾನು ಹೇಳುತ್ತಿಲ್ಲ. ಈ ಬದುಕಿನಲ್ಲಿ ನಿವೃತ್ತಿವೇತನವಿಲ್ಲ, ಕಾಯಿಲೆ ಬಿದ್ದರೆ ಹತ್ತಿರದವರಿಲ್ಲ; ಬರೆಯುವ ಶಕ್ತಿಯೋ ಕೈಯಲ್ಲೊಂದು ಕುಶಲ ವೃತ್ತಿಯೋ ಇಲ್ಲದವನಿಗೆ ಅದು ಹಸಿವಿನ ದಾರಿ. ಹೆಣ್ಣುಮಕ್ಕಳ ತಾಯಿತಂದೆಯರ ಭಯವನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಆದರೂ ನೂರರಲ್ಲಿ ಒಬ್ಬರು ಆ ಹಾದಿಗೆ ಯೋಗ್ಯರಾಗಿದ್ದರೆ ಅವರನ್ನು ಗುರುತಿಸುವ ಉಪಾಯ ನಮ್ಮಲ್ಲಿಲ್ಲ. ಅಂದು ನಾವು ನಕ್ಕ ಬಾಲಕ ಇಂದು ಒಂದು ಕಚೇರಿಯಲ್ಲಿ ನೆಮ್ಮದಿಯಾಗಿದ್ದಾನೆ. ಈಚೆಗೆ ಭೇಟಿಯಾದಾಗ ಸೈಕಲಿನ ಮಾತೆತ್ತಿದೆ. ಅವನಿಗೆ ಅದು ನೆನಪೇ ಇರಲಿಲ್ಲ.

ಆದ್ದರಿಂದ ದಾನಿಗಳಲ್ಲಿ ಒಂದು ಬಿನ್ನಹ. ಅಂಕಗಳಿಗಾಗಿ ಸ್ಥಾಪಿತವಾದ ದತ್ತಿಗಳು ನಮ್ಮಲ್ಲಿ ಸಾಕಷ್ಟಿವೆ. ಸಂಚಾರಕ್ಕೊಂದು ದತ್ತಿ ಇರಲಿ. ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿ ಒಬ್ಬ, ವಿದ್ಯಾರ್ಥಿನಿ ಒಬ್ಬಳು, ವರ್ಷಕ್ಕೊಮ್ಮೆ ಒಂದು ತಿಂಗಳ ಕಾಲ, ಕಾಲ್ನಡಿಗೆಯಲ್ಲೋ ಸೈಕಲಿನಲ್ಲೋ ತಾವು ಕಾಣದ ಸೀಮೆಗೆ ಹೋಗಿಬರಲಿ. ದಿನಚರಿ ಬರೆಯುವುದು ಕಡ್ಡಾಯ. ಹಿಂದಿರುಗಿದ ಮೇಲೆ ಒಂದು ವಾರ ನನ್ನ ತರಗತಿಯ ಭೂಗೋಳದ ಪಾಠ ಅವರದೇ. ಮೊದಲ ವರ್ಷದ ಖರ್ಚಿಗೆಂದು ಒಂದು ಸೈಕಲಿನ ಬೆಲೆಯನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ; ಇನ್ನೊಂದು ಸೈಕಲಿನದು ಬಾಕಿಯಿದೆ.