ವಯಸ್ಸು ತಪ್ಪಿ ಬಂದ ರೋಗ

ವೈಶಾಖದಲ್ಲಿ ಮಾವು ಹಣ್ಣಾದರೆ ಯಾರೂ ಬೆರಗಾಗುವುದಿಲ್ಲ; ಕಾರ್ತಿಕದಲ್ಲಿ ಹಣ್ಣಾದರೆ ಕೇರಿಯವರೆಲ್ಲ ಬಂದು ನೋಡಿಹೋಗುತ್ತಾರೆ. ರೋಗಗಳಿಗೂ ತಮ್ಮವೇ ಆದ ವಯಸ್ಸು, ಪ್ರದೇಶ, ನಡೆವಳಿಕೆಗಳುಂಟು. ಅವುಗಳನ್ನು ಮೀರಿ ರೋಗವೊಂದು ತಲೆದೋರಿದರೆ ಅದು ಬರಿಯ ವಿಚಿತ್ರವಲ್ಲ. ಇನ್ನಾವುದೋ ದೊಡ್ಡ ವಿಪತ್ತಿನ ಮುನ್ಸೂಚನೆಯೂ ಆಗಿರಬಹುದು. ಕಪೋಸಿ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರಿನ ಕಥೆ ಇದಕ್ಕೆ ನಿದರ್ಶನವಾಗಿದೆ.

ಕ್ಯಾನ್ಸರುಗಳಲ್ಲಿ ಬಹುಪಾಲು ಕರುಳು, ಶ್ವಾಸಕೋಶ, ಸ್ತನ ಮೊದಲಾದ ಅಂಗಗಳ ಹೊದಿಕೆಯಲ್ಲಿ ಹುಟ್ಟತಕ್ಕವು. ಸ್ನಾಯು, ಕೊಬ್ಬು, ರಕ್ತನಾಳ ಮುಂತಾದ ಮೃದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರು ಸಾರ್ಕೋಮಾ ಎಂಬ ಪಂಗಡಕ್ಕೆ ಸೇರುತ್ತದೆ. ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ. ಇದು ಒಟ್ಟು ಕ್ಯಾನ್ಸರುಗಳಲ್ಲಿ ತೀರ ಚಿಕ್ಕ ಪಾಲು.

ಹಂಗೆರಿಯಲ್ಲಿ ೧೮೩೭ರಲ್ಲಿ ಜನಿಸಿ, ವಿಯೆನ್ನಾ ನಗರದಲ್ಲಿ ಚರ್ಮರೋಗತಜ್ಞನೆಂದು ಹೆಸರಾದ ಮೊರಿಟ್ಸ್ ಕಪೋಸಿಯು ೧೮೭೨ರಲ್ಲಿ ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಎಲ್ಲರೂ ವಯಸ್ಸಾದ ಗಂಡಸರು. ಅವರ ಚರ್ಮದ ಮೇಲೆ ಬಣ್ಣಗೂಡಿದ ಗಂಟುಗಳೆದ್ದಿದ್ದವು. ನೇರಳೆ ಹಣ್ಣಿನ ಬಣ್ಣದ ಮಚ್ಚೆಗಳು ಸಾಮಾನ್ಯವಾಗಿ ಪಾದದಲ್ಲೋ ಕಾಲಿನಲ್ಲೋ ಮೊದಲು ಕಾಣುತ್ತವೆ; ನೋವಿಲ್ಲದ ಕಾರಣ ರೋಗಿಯು ಅವನ್ನು ಲೆಕ್ಕಿಸುವುದೂ ಇಲ್ಲ. ರಕ್ತನಾಳ, ದುಗ್ಧನಾಳಗಳ ಒಳಗೋಡೆಯ ಕಣಗಳು ಮಿತಿಮೀರಿ ಬೆಳೆಯುವುದೇ ಈ ವ್ಯಾಧಿಯ ಮೂಲ.

ಮುಂದಿನ ನೂರು ವರ್ಷಗಳ ಅನುಭವದಿಂದ ವೈದ್ಯರಿಗೆ ಇದರ ಸ್ವಭಾವ ಪರಿಚಿತವಾಯಿತು. ಮೆಡಿಟರೇನಿಯನ್ ತೀರದ ಮತ್ತು ಪೂರ್ವ ಯೂರೋಪಿನ ಮೂಲದ ವೃದ್ಧರಲ್ಲಿ ಇದು ಕಾಣಿಸುತ್ತಿದ್ದಿತು. ವರ್ಷಗಟ್ಟಲೆ ಮೆಲ್ಲನೆ ಸಾಗುತ್ತಿದ್ದಿತು. ಆಫ್ರಿಕದ ಮಧ್ಯಭಾಗದಲ್ಲಿ ಮಕ್ಕಳಿಗೂ ತರುಣರಿಗೂ, ಇತರೆಡೆಗಳಲ್ಲಿ ಬದಲಿ ಮೂತ್ರಪಿಂಡ ಪಡೆದ ಕೆಲವರಿಗೂ ಬರುತ್ತಿದ್ದುದುಂಟು. ಅಮೆರಿಕದಲ್ಲಂತೂ ಕೋಟಿ ಜನರಲ್ಲಿ ವರ್ಷಕ್ಕೆ ಎರಡರಿಂದ ಆರು ಮಂದಿಗೆ ಬಂದರೆ ಹೆಚ್ಚು.

ಇಂಥ ರೋಗವು ೧೯೮೧ರಲ್ಲಿ ನ್ಯೂಯಾರ್ಕಿನ ತರುಣರಲ್ಲಿ ಕಾಣಿಸಿಕೊಂಡಿತು. ಮಚ್ಚೆಗಳು ಕಾಲಿಗಷ್ಟೇ ನಿಲ್ಲದೆ ಮುಖ, ಬಾಯಿ, ಕರುಳು, ಶ್ವಾಸಕೋಶಗಳಿಗೂ ಹಬ್ಬಿದ್ದವು. ಚರ್ಮತಜ್ಞರಾದ ಆಲ್ವಿನ್ ಫ್ರೀಡ್‌ಮನ್-ಕೀನ್ ಮತ್ತು ಅವರ ಸಂಗಡಿಗರಿಗೆ ಇದು ವಿಪರೀತವೆನಿಸಿತು. ಹಳೆಯ ದಾಖಲೆಗಳನ್ನು ತೆಗೆದು ನೋಡಲಾಯಿತು. ಬೆಲ್‌ವ್ಯೂ ಆಸ್ಪತ್ರೆಯಲ್ಲಿ ೧೯೭೦ರಿಂದ ೧೯೭೯ರವರೆಗೆ ಐವತ್ತು ವರ್ಷದೊಳಗಿನ ಗಂಡಸರಲ್ಲಿ ಈ ರೋಗವಿದ್ದವನು ಒಬ್ಬನೂ ಇರಲಿಲ್ಲ! ಆದರೆ ೧೯೮೧ರ ಜುಲೈ ೩ರಂದು ಅಮೆರಿಕದ ಸರಕಾರಿ ರೋಗನಿಯಂತ್ರಣ ಕೇಂದ್ರವು ಪ್ರಕಟಿಸಿದ ವರದಿಯಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳ ಇಪ್ಪತ್ತಾರು ರೋಗಿಗಳಿದ್ದರು. ಅವರ ವಯಸ್ಸು ಇಪ್ಪತ್ತಾರರಿಂದ ಐವತ್ತೊಂದು. ರೋಗ ಗೊತ್ತಾದ ಎರಡು ವರ್ಷಗಳೊಳಗೆ ಎಂಟು ಮಂದಿ ತೀರಿಕೊಂಡಿದ್ದರು.

ಆ ಇಪ್ಪತ್ತಾರು ಮಂದಿಯೂ ಗಂಡಸರೊಡನೆಯೇ ಒಲವಿನ ಸಂಬಂಧವಿದ್ದವರು. ಅಷ್ಟೇ ಸಾಕಾಯಿತು, ಲೋಕದ ಬಾಯಿಗೆ. ‘ಸಲಿಂಗಿಗಳ ಕ್ಯಾನ್ಸರು’ ಎಂಬ ಹೆಸರು ಹಬ್ಬಿತು. ಪಾಪದ ಫಲವೆಂದು ಹೇಳುವವರೂ ಹುಟ್ಟಿಕೊಂಡರು. ಸಾಯುತ್ತಿದ್ದ ಮಗನ ಮುಖ ನೋಡಲು ಒಲ್ಲದ ತಾಯಿತಂದೆಯರೂ ಇದ್ದರು. ಆದರೆ ರೋಗಕ್ಕೆ ಕುಲಶೀಲಗಳ ವಿಚಾರವಿಲ್ಲ. ಕೆಲವೇ ತಿಂಗಳುಗಳಲ್ಲಿ ಅದೇ ಬಗೆಯ ದೇಹಶಕ್ತಿಯ ಕುಸಿತವು ರಕ್ತ ಪಡೆದವರಲ್ಲಿ, ಹೆಂಗಸರಲ್ಲಿ, ಹಸುಗೂಸುಗಳಲ್ಲಿ ಸಹ ಕಂಡುಬಂದಿತು. ೧೯೮೨ರಲ್ಲಿ ಅದಕ್ಕೆ ಏಡ್ಸ್ ಎಂದು ಹೆಸರಾಯಿತು. ೧೯೮೩ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದರ ವೈರಸ್ಸನ್ನು ಕಂಡುಹಿಡಿದರು. ದೇಹದ ಕಾವಲು ಕಣಗಳನ್ನೇ ಅದು ನಾಶಮಾಡುತ್ತಿದ್ದಿತು. ಚರ್ಮದ ಮೇಲಿನ ನೇರಳೆ ಮಚ್ಚೆ ಕಾವಲು ತಪ್ಪಿದ ಮನೆಯ ಬಾಗಿಲಿಗೆ ಬಿದ್ದ ಮೊದಲ ಗುರುತಾಗಿದ್ದಿತು.

ಇಷ್ಟಕ್ಕೆ ಒಗಟು ಮುಗಿಯಲಿಲ್ಲ. ಏಡ್ಸ್ ಬಂದವರಿಗೆಲ್ಲ ಈ ಕ್ಯಾನ್ಸರು ಒಂದೇ ಪ್ರಮಾಣದಲ್ಲಿ ಬರುತ್ತಿರಲಿಲ್ಲ. ವ್ಯಾಲರಿ ಬೆರಲ್ ಮತ್ತು ಸಂಗಡಿಗರು ೧೯೯೦ರಲ್ಲಿ ಅಮೆರಿಕದ ಅಂಕಿಗಳನ್ನು ಪರಿಶೀಲಿಸಿದಾಗ, ಸಲಿಂಗಿ ಮತ್ತು ದ್ವಿಲಿಂಗಿ ಪುರುಷ ರೋಗಿಗಳಲ್ಲಿ ನೂರಕ್ಕೆ ಇಪ್ಪತ್ತೊಂದು ಮಂದಿಗೆ ಇದ್ದ ಈ ವ್ಯಾಧಿ, ರಕ್ತ ಹೆಪ್ಪುಗಟ್ಟದ ಹೀಮೋಫೀಲಿಯಾ ರೋಗದವರಲ್ಲಿ ನೂರಕ್ಕೆ ಒಬ್ಬನಿಗೆ ಮಾತ್ರ ಇದ್ದಿತು. ಏಡ್ಸ್ ವೈರಸ್ಸೊಂದೇ ಕಾರಣವಾಗಿದ್ದರೆ ಈ ಅಂತರವೇಕೆ? ಎರಡನೆಯ ಅಪರಾಧಿಯೊಬ್ಬನಿರಬೇಕೆಂದು ಅವರು ತರ್ಕಿಸಿದರು. ೧೯೯೪ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿಗಳು ಅವನನ್ನು ಹಿಡಿದೇಬಿಟ್ಟರು. ಅದು ಹರ್ಪಿಸ್ ಜಾತಿಯ ಎಂಟನೆಯ ಮಾನವ ವೈರಸ್ಸು. ಕಪೋಸಿಯು ಕಂಡ ವೃದ್ಧರ ರೋಗಕ್ಕೂ ಆಫ್ರಿಕದ ಮಕ್ಕಳ ರೋಗಕ್ಕೂ ಇದೇ ಮೂಲವೆಂದು ತಿಳಿದುಬಂದಿತು. ಭಾರತದಲ್ಲಿ ಆ ವೈರಸ್ಸು ಹೆಚ್ಚಾಗಿ ಹರಡಿಲ್ಲ. ಆದುದರಿಂದಲೇ ಇಲ್ಲಿಯ ಏಡ್ಸ್ ರೋಗಿಗಳಲ್ಲಿ ಈ ಕ್ಯಾನ್ಸರು ವಿರಳ.

೧೯೯೬ರ ಸುಮಾರಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ದೇಹದ ಕಾವಲು ಮರಳಿ ಬಲಗೊಳ್ಳತೊಡಗಿತು. ಕಾವಲು ಬಲಗೊಂಡಂತೆ ಎಷ್ಟೋ ರೋಗಿಗಳ ಮಚ್ಚೆಗಳು ಬೇರೆ ಮದ್ದಿಲ್ಲದೆಯೇ ಬಾಡಿಹೋದುವು.

ಮೈಮೇಲೆ ಹೊಸ ಗಂಟೋ ಮಚ್ಚೆಯೋ ಕಂಡಾಗ ‘ಈ ವಯಸ್ಸಿಗೆ ಅಂಥದ್ದೆಲ್ಲ ಬರುವುದಿಲ್ಲ, ನೋವೂ ಇಲ್ಲವಲ್ಲ’ ಎಂದು ಮನೆಮನೆಗಳಲ್ಲಿಯೂ ಸಮಾಧಾನ ಹೇಳಿಕೊಳ್ಳುವುದುಂಟು. ಹಾಗೆ ಕಂಡದ್ದೆಲ್ಲವೂ ಕ್ಯಾನ್ಸರಲ್ಲ, ನಿಜ. ಆದರೆ ವಾರಗಳು ಕಳೆದರೂ ಮಾಯದೆ ಬೆಳೆಯುತ್ತಿರುವುದನ್ನು ವೈದ್ಯರಿಗೆ ತೋರಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ನ್ಯೂಯಾರ್ಕಿನ ವೈದ್ಯರು ಅಂದು ಅದೇ ಸಮಾಧಾನದ ಮಾತನ್ನಾಡಿ ಸುಮ್ಮನಾಗಿದ್ದರೆ, ಏಡ್ಸ್ ಎಂಬ ಮಾರಿ ಇನ್ನೆಷ್ಟು ದಿನ ಹೆಸರಿಲ್ಲದೆ ಊರೂರು ತಿರುಗುತ್ತಿದ್ದಿತೋ!