ಮಾತ್ರೆಯಷ್ಟೇ ಸಾಲದು

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾದದ್ದು 2015ರಲ್ಲಿ. ಆ ದಿನ ಬೆಳಗಾವಿಯ ಶಾಲೆಗಳಲ್ಲೂ ಖಾನಾಪುರದ ಅಂಗನವಾಡಿಗಳಲ್ಲೂ ಎರಡು ವರ್ಷ ದಾಟಿದ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆ, ಮಣ್ಣಿಗೆ ಬಿದ್ದ ಮೊಟ್ಟೆಯನ್ನಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಮಳೆಗಾಲವಿಡೀ ಹಸಿಯಾಗಿರುವ ನೆಲ ಕೊಕ್ಕೆಹುಳುವಿನ ಮರಿಗಳಿಗೆ ಹೇಳಿ ಮಾಡಿಸಿದಂಥದ್ದು. ಬರಿಗಾಲಿನ ಚರ್ಮ ಕೊರೆದೇ ಅವು ಒಳಹೋಗುತ್ತವೆ. ಹಾಗಾಗಿ ಮಾತ್ರೆ ನುಂಗಿದ ಮಗುವಿಗೂ ಕೆಲವೇ ತಿಂಗಳಲ್ಲಿ ಸೋಂಕು ಮರುಕಳಿಸಬಹುದು. ಹುಳುವಿರುವವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚು, ಅದನ್ನು ಕೆಡಿಸುವುದೇಕೆ ಎಂಬ ವಾದವೂ ಇದೆ. ಕೆಲವು ಅಧ್ಯಯನಗಳು ಹಾಗೆ ಹೇಳಿರುವುದು ನಿಜ. ಆದರೆ ಕೊಕ್ಕೆಹುಳು ರಕ್ತ ಹೀರಿ ತರುವ ರಕ್ತಹೀನತೆಯನ್ನು ಆ ವೈವಿಧ್ಯ ತುಂಬಿಕೊಡುವುದಿಲ್ಲ. ಮಾತ್ರೆ ಹಂಚುವ ದಿನವೇ ಮಕ್ಕಳ ಕಾಲಿಗೆ ಚಪ್ಪಲಿ, ಶಾಲೆಯ ಶೌಚಾಲಯದಲ್ಲಿ ನೀರು, ಸಾಬೂನು ಇವೆಯೇ ಎಂಬುದನ್ನೂ ಆಡಳಿತ ನೋಡಲಿ.