ಬಂದ ಡಾಲರು, ಉಳಿದ ಡಾಲರು



ದೇಶವೊಂದು ಪ್ರವಾಸೋದ್ಯಮವನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಮಾಲ್ಡೀವ್ಸ್‌ಗಿಂತ ಸ್ಪಷ್ಟವಾದ ನಿದರ್ಶನ ವಿರಳ. ಸುಮಾರು 1,200 ಹವಳದ ದ್ವೀಪಗಳ ಈ ದೇಶ ಮುಖ್ಯವಾಗಿ ಮೀನುಗಾರಿಕೆಯಿಂದ ಬದುಕುತ್ತಿದ್ದಾಗ, 1972ರಲ್ಲಿ ರಾಜಧಾನಿ ಮಾಲೆಯ ಸಮೀಪ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಇಂದು ವರ್ಷಕ್ಕೆ ಸುಮಾರು 20 ಲಕ್ಷ ವಿದೇಶಿಯರು ಬರುತ್ತಿದ್ದು, ಜಿಡಿಪಿಯ, ಅಂದರೆ ದೇಶದೊಳಗೆ ವರ್ಷವೊಂದರಲ್ಲಿ ಉತ್ಪಾದನೆಯಾಗುವ ಸರಕು-ಸೇವೆಗಳ ಒಟ್ಟು ಮೌಲ್ಯದ, ಹೆಚ್ಚುಕಡಿಮೆ ಕಾಲುಭಾಗ ನೇರವಾಗಿ ಪ್ರವಾಸೋದ್ಯಮದ್ದೇ ಆಗಿದೆ.

ಆದರೆ ಬಂದ ಹಣಕ್ಕಿಂತ ಉಳಿದ ಹಣವೇ ಮುಖ್ಯ. ಅಕ್ಕಿ, ತರಕಾರಿ, ಡೀಸೆಲ್ ಎಲ್ಲವೂ ಬಹುಮಟ್ಟಿಗೆ ಆಮದಾಗುವುದರಿಂದ, ಅನೇಕ ರೆಸಾರ್ಟ್‌ಗಳ ನಿರ್ವಹಣೆ ವಿದೇಶಿ ಕಂಪನಿಗಳ ಕೈಯಲ್ಲಿರುವುದರಿಂದ ಮತ್ತು ನೌಕರರಲ್ಲಿ ದೊಡ್ಡ ಪಾಲು ಹೊರನಾಡಿನವರಾಗಿರುವುದರಿಂದ, ಪ್ರವಾಸಿ ಕೊಟ್ಟ ಡಾಲರಿನ ಗಣನೀಯ ಅಂಶ ಮರಳಿ ಹೊರಕ್ಕೇ ಹರಿಯುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು ‘ಸೋರಿಕೆ’ ಎನ್ನುತ್ತಾರೆ. ‘ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್’ ಎಂಬ ನೀತಿಯಂತೂ ಪ್ರವಾಸಿಯನ್ನು ಜನವಸತಿಯಿಂದ ದೂರವೇ ಇರಿಸಿದ್ದರಿಂದ, ಸ್ಥಳೀಯ ಅಂಗಡಿಯವನಿಗೆ ಅವನ ಮುಖವೂ ಕಾಣುತ್ತಿರಲಿಲ್ಲ. 2009ರ ಸುಮಾರಿಗೆ ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶ ದೊರೆತ ಮೇಲೆಯೇ ಮಾಫುಶಿಯಂಥ ಊರುಗಳ ಕುಟುಂಬಗಳು ಈ ವಹಿವಾಟಿನಲ್ಲಿ ಪಾಲು ಪಡೆದವು. ತಡವಾದರೂ, ಐಷಾರಾಮಿ ರೆಸಾರ್ಟ್‌ಗಳಿಗಿಂತ ಹೆಚ್ಚಿನ ಶ್ಲಾಘನೆಗೆ ಅರ್ಹವಾದದ್ದು ಈ ಸುಧಾರಣೆಯೇ.

ಒಂದೇ ಆದಾಯಮೂಲದ ಅಪಾಯ 2020ರಲ್ಲಿ ಪ್ರಕಟವಾಯಿತು: ಕೋವಿಡ್‌ನಿಂದಾಗಿ ಕೆಲವು ತಿಂಗಳು ಗಡಿ ಮುಚ್ಚಿದ ಆ ವರ್ಷ ಜಿಡಿಪಿ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು. ರೋಗವಷ್ಟೇ ಅಲ್ಲ, ರಾಜಕೀಯವೂ ಈ ಉದ್ಯಮವನ್ನು ಅಲುಗಿಸಬಲ್ಲದು. 2023ರಲ್ಲಿ ಅತಿ ಹೆಚ್ಚು ಪ್ರವಾಸಿಗರನ್ನು ಕಳುಹಿಸಿದ್ದ ಭಾರತ, ಮಾಲ್ಡೀವ್ಸ್ ಜೊತೆಗಿನ 2024ರ ಆರಂಭದ ರಾಜತಾಂತ್ರಿಕ ಮುನಿಸಿನ ಬಳಿಕ ಆ ಸ್ಥಾನವನ್ನು ಚೀನಾಕ್ಕೆ ಬಿಟ್ಟುಕೊಟ್ಟಿತು.

– ಓರ್ವ ಓದುಗ, ಧಾರವಾಡ